ಬಿಳಿ ಕಲ್ಲು ದಾಟದ ಗಾಲಿ

ಹಾರ್ನ್ ಒತ್ತುವುದನ್ನು ಕಲಿಸುವುದೇ ಅಷ್ಟು ಕಷ್ಟವಾದೀತೆಂದು ನಾನು ಎಣಿಸಿರಲಿಲ್ಲ.

ಲಡಾಯಿ ಮುಗಿದ ಮರುವರ್ಷದ ಬೇಸಿಗೆ ಅದು. ಪುಣೆ ಕ್ಯಾಂಪಿನ ಅಂಚಿನಲ್ಲಿ ಒಂದು ಟ್ರೇನಿಂಗ್ ಸೆಂಟರ್ ಇತ್ತು. ಫೌಜಿನಿಂದ ಬಿಡುಗಡೆಯಾಗಿ ಬಂದ ಡ್ರೈವರುಗಳಿಗೆ ಊರ ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ಹೊಸದಾಗಿ ಕಲಿಸುವ ಜಾಗ. ಅಲ್ಲಿ ನಾನು ಇನ್‌ಸ್ಟ್ರಕ್ಟರ್. ನನ್ನ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಕೂಡುತ್ತಿದ್ದವರೆಲ್ಲ ಬರ್ಮಾದ ಕಾಡು, ಆಫ್ರಿಕಾದ ಮರಳು ದಾಟಿ ಬಂದವರು. ನನಗಿಂತ ಎಷ್ಟೋ ಪಾಲು ಹೆಚ್ಚು ಓಡಿಸಿದವರು. ಅಂಥವರಿಗೆ ಪೇಠೆಯ ಸೈಕಲ್ಲುಗಳ ನಡುವೆ “ಹಾರ್ನ್ ಒತ್ರಿ” ಎಂದರೆ ಕೈಯೇ ಏಳದು.

“ಬಾಯಾರ, ಅಲ್ಲೆ ಹಾರ್ನ್ ಒತ್ತಿದವನ ತೋಳಿನ ಫೀತಿ ಕಿತ್ತು ಕಳಸತಿದ್ರು,” ಎಂದ ಒಬ್ಬ.

“ಇಲ್ಲೆ ಒತ್ತಲಿಲ್ಲಂದ್ರ ನಾನು ಕಿತ್ತು ಕಳಸ್ತೀನಿ,” ಎಂದೆ.

ಇನ್ನೊಬ್ಬನಿಗೆ ಮುಂದಿನ ಗಾಡಿಯ ಬೆನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಾನ್‌ವಾಯ್‌ನಲ್ಲಿ ಅವನಿಗೆ ಕಲಿಸಿದ್ದೇ ಅಷ್ಟು: ಮುಂದಿನವನ ಹಿಂದೆ ಹೋಗು, ಅಂತರ ಬಿಡಬೇಡ, ಪ್ರಶ್ನೆ ಕೇಳಬೇಡ. ಒಂದು ದಿನ ನಮ್ಮ ಮುಂದೆ ಹೋಗುತ್ತಿದ್ದ ಟಾಂಗಾ ಸದಾಶಿವ ಪೇಠೆಯಲ್ಲಿ ಒಂದು ವಾಡೆಯ ಹೆಬ್ಬಾಗಿಲಿಗೆ ತಿರುಗಿತು. ಇವನೂ ಮೂರು ಟನ್ನಿನ ಲಾರಿ ತಿರುಗಿಸಿಬಿಟ್ಟ. ಒಳಗಿನಿಂದ ಅಜ್ಜಿಯೊಬ್ಬಳು ಬಂದು ಲಾರಿಯ ಮೂತಿ ನೋಡಿ, “ಜೇವಾಯಲಾ ಆಲಾತ್ ಕಾ?” ಊಟಕ್ಕೆ ಬಂದಿರೇನು, ಎಂದು ಕೇಳಿದಳು. ರಿವರ್ಸ್ ತೆಗೆಯುವಷ್ಟರಲ್ಲಿ ನನಗೆ ನಗು, ಬೆವರು ಎರಡೂ.

ಲಡಾಯಿ ಕಾಲದಲ್ಲಿ ನಾನು ಹೆಂಗಸರ ದಳದಲ್ಲಿ ಆ್ಯಂಬ್ಯುಲೆನ್ಸ್ ಓಡಿಸಿದ್ದೆ. ರೇಲ್ವೆ ಸ್ಟೇಶನ್ನಿನಿಂದ ಮಿಲಿಟರಿ ಆಸ್ಪತ್ರೆಗೆ ಗಾಯಾಳುಗಳನ್ನು ಸಾಗಿಸುವ ಕೆಲಸ. ಕಾನ್ವೆಂಟಿನ ಇಂಗ್ಲಿಷ್, ಮನೆಯ ಕನ್ನಡ, ಓಣಿಯ ಮರಾಠಿ, ಆಸ್ಪತ್ರೆಯ ಹಿಂದುಸ್ತಾನಿ ಎಲ್ಲ ಬರುತ್ತಿತ್ತೆಂದು ಸೆಂಟರಿನ ಮುಖ್ಯಸ್ಥರಾದ ಇಂಗ್ಲಿಷ್ ಮೇಜರ್ ಸಾಹೇಬರು ನನ್ನನ್ನು ಉಳಿಸಿಕೊಂಡರು. ಮನೆಯಲ್ಲಿ ಅವ್ವ ಮಾತ್ರ ಅಪ್ಪನ ಮುಂದೆ ದಿನಾ ಒಂದೇ ಹಾಡು: “ಗಂಡಸರಿಗೆ ಗಾಡಿ ಕಲಿಸ್ಲಿಕ್ಕೆ ಹೊಂಟಾಳ ನಿಮ್ಮ ಮಗಳು. ನಾಳೆ ವರ ನೋಡ್ಲಿಕ್ಕೆ ಬಂದವರಿಗೆ ಲೈಸೆನ್ಸ್ ಕೇಳ್ತಾಳ.”

ಹವಾಲ್ದಾರರು ಬಂದದ್ದು ಆ ತಂಡದಲ್ಲೇ. ಬೆಳಗಾವಿ ಕಡೆಯ ಹಳ್ಳಿಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಮಿತಭಾಷಿ. ಅವರ ಗೇರ್ ಬದಲಾವಣೆ ಕೇಳುವುದೇ ಒಂದು ಸುಖ. ಆಗಿನ ಲಾರಿಗಳಲ್ಲಿ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಇಂಜಿನ್ನಿನ ವೇಗ ಹೊಂದಿಸಿಕೊಂಡು ಗೇರ್ ಹಾಕಬೇಕು. ತಪ್ಪಿದರೆ ಹಲ್ಲು ಕಡಿದ ಸದ್ದು. ಅವರ ಕೈಯಲ್ಲಿ ಆ ಸದ್ದು ಒಮ್ಮೆಯೂ ಬರಲಿಲ್ಲ. ಬಾರಾಮತಿಗೆ ಬಸ್ಸು ಓಡಿಸುವ ಒಂದು ಖಾಸಗಿ ಮೋಟಾರ್ ಸರ್ವಿಸ್ ನಮ್ಮಲ್ಲಿಂದ ಡ್ರೈವರುಗಳನ್ನು ಆರಿಸಿಕೊಳ್ಳುತ್ತಿತ್ತು. ಅದರ ಮ್ಯಾನೇಜರರು ಮೊದಲ ವಾರವೇ ಹವಾಲ್ದಾರರ ಮೇಲೆ ಕಣ್ಣು ಹಾಕಿದರು. ಬಾರಾಮತಿ ಡಿಪೋದಲ್ಲಿ ಕೆಲಸ, ಜೊತೆಗೆ ಇರಲಿಕ್ಕೆ ಖೋಲಿ. ಆ ಮಾತು ನಂಬಿ ಹವಾಲ್ದಾರರು ಹೆಂಡತಿಯನ್ನೂ ಸಣ್ಣ ಮಗಳನ್ನೂ ಊರಿನಿಂದ ಕರೆಸಿ ಹಡಪಸರದಲ್ಲಿ ಪರಿಚಯದವರ ಪಡಸಾಲೆಯಲ್ಲಿ ಇರಿಸಿದ್ದರು.

ಎರಡನೆಯ ವಾರ ಹಡಪಸರ ದಾಟಿ ಬಾರಾಮತಿಯ ರಸ್ತೆಗೆ ಹೋದೆವು.

ಆ ರಸ್ತೆ ಆಗ ಹೇಗಿತ್ತೆಂದು ಹೇಳಬೇಕು. ನಡುವೆ ಒಂದೇ ಗಾಡಿ ಹಿಡಿಯುವಷ್ಟು ಡಾಂಬರಿನ ಪಟ್ಟಿ. ಎರಡೂ ಬದಿಗೆ ಮಣ್ಣು. ಮಣ್ಣಿನ ಶುರುವಿನಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು, ಆಚೆ ಆಲದ ಮರಗಳು. ಅವುಗಳ ಬುಡಕ್ಕೂ ಬ್ಲ್ಯಾಕ್‌ಔಟ್ ಕಾಲದಲ್ಲಿ ಬಳಿದ ಬಿಳಿ ಪಟ್ಟಿ. ಎದುರು ಬದುರು ಬಂದರೆ ಇಬ್ಬರೂ ಎಡಗಾಲಿಗಳನ್ನು ಕಲ್ಲುಗಳ ಸಂದಿಯಿಂದ ಮಣ್ಣಿಗಿಳಿಸಿ ಅರ್ಧರ್ಧ ಡಾಂಬರು ಹಂಚಿಕೊಳ್ಳಬೇಕು. ಆದರೆ ಕಬ್ಬಿನ ಬಂಡಿ ಬಂದರೆ ಡಾಂಬರು ಪೂರ್ತಿ ಬಂಡಿಗೆ. ಹೇರಿದ ಬಂಡಿ ಮಣ್ಣಿಗಿಳಿದರೆ ಎತ್ತುಗಳು ಮೇಲೆ ಎಳೆಯಲಾರವು. ಇದು ಯಾವ ರೂಲ್ ಬುಕ್ಕಿನಲ್ಲೂ ಇರಲಿಲ್ಲ. ಆ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಎದುರಿಗೆ ಕಬ್ಬಿನ ಬಂಡಿ ಬಂತು. ಹವಾಲ್ದಾರರು ಲಾರಿ ನಿಧಾನ ಮಾಡಿದರು, ನಿಲ್ಲಿಸಿದರು, ಡಾಂಬರಿನ ನಟ್ಟನಡುವೆ.

“ಎಡಕ್ಕ ತಗೋರಿ,” ಎಂದೆ.

ಅವರ ಕೈ ಸ್ಟೀರಿಂಗಿನ ಮೇಲೆಯೇ ಇತ್ತು. ಅಲುಗಲಿಲ್ಲ.

“ಹವಾಲ್ದಾರ್ರ, ಎಡಕ್ಕ.”

ಬಂಡಿಯವನು ಎತ್ತುಗಳ ಹಗ್ಗ ಜಗ್ಗಿ ನಿಂತ. “ಕಾಯ್ ಹೋ, ರಸ್ತಾ ಕಾಯ್ ತುಮ್ಚ್ಯಾ ಬಾಪಾಚಾ?” ರಸ್ತೆ ನಿಮ್ಮಪ್ಪನದೇನು, ಎಂದು ಶುರು ಮಾಡಿದವನು ಅಪ್ಪನಿಂದ ಅಜ್ಜನವರೆಗೂ ಹೋದ. ಕೊನೆಗೆ ಹವಾಲ್ದಾರರು ರಿವರ್ಸ್ ಹಾಕಿದರು. ಹಿಂದಿನ ಹಳ್ಳಿಯ ಚೌಕದವರೆಗೂ ಹಿಮ್ಮುಖವಾಗಿ, ಗೆರೆ ಎಳೆದ ಹಾಗೆ ನೇರವಾಗಿ ಓಡಿಸಿ ಬಂಡಿಗೆ ದಾರಿ ಬಿಟ್ಟರು. ಅಷ್ಟು ದೂರದ ರಿವರ್ಸ್ ನಾನು ಈವರೆಗೆ ಇನ್ನೊಮ್ಮೆ ನೋಡಿಲ್ಲ. ಆದರೆ ಬಸ್ಸು ಹೀಗೆ ಬಾರಾಮತಿ ಮುಟ್ಟುವುದಿಲ್ಲವಲ್ಲ.

ಮೆತ್ತನೆ ಮಣ್ಣಿನಲ್ಲಿ ಗಾಲಿ ಹೂತೀತೆಂಬ ಹೆದರಿಕೆ ಇರಬಹುದೆಂದುಕೊಂಡೆ. ಮರುದಿನ ಸೆಂಟರಿನ ಮೈದಾನದಲ್ಲಿ ನೀರು ಹೊಡೆಸಿ ಕೆಸರು ಮಾಡಿಸಿದೆ. ಅವರು ಮೀನಿನ ಹಾಗೆ ಈಜಿ ಬಂದರು. ಮತ್ತೆ ರಸ್ತೆಗೆ ಹೋದರೆ ಅದೇ ಕಥೆ. ಎದುರು ಬಂದ ಹಾಲಿನ ಸೈಕಲ್ಲಿನವನು, ಇವರು ಸರಿಯುತ್ತಾರೆಂದು ನಂಬಿ ಸರಿಯದೆ, ಕಡೆಯ ಕ್ಷಣ ಹೊರಳಿ ಕ್ಯಾನುಗಳ ಸಮೇತ ತಗ್ಗಿಗೆ ಬಿದ್ದ. ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಆ ಸೈಕಲ್ಲಿನ ಜಾಗದಲ್ಲಿ ಇನ್ನೊಂದು ಬಸ್ಸು ಇದ್ದಿದ್ದರೆ?

ಮೇಜರ್ ಸಾಹೇಬರಿಗೆ ಹೇಳಿದೆ. ಅವರು ಪೈಪ್ ಬಾಯಿಂದ ತೆಗೆಯದೆ, “ಆರ್ಡರ್ ಹಿಮ್, ಮಿಸ್. ಹೀ ಈಸ್ ಎ ಸೋಲ್ಜರ್,” ಎಂದರು.

ಸರಿ ಅನ್ನಿಸಿತು. ಮರುದಿನ ಎದುರಿಗೆ ಬಂಡಿ ಕಂಡ ಕೂಡಲೇ ಪರೇಡ್ ದನಿ ತೆಗೆದೆ: “ಹವಾಲ್ದಾರ್! ಲೆಫ್ಟ್ ವೀಲ್ಸ್ ಆಫ್ ದ ರೋಡ್!”

ಅವರು ಆರ್ಡರ್ ಪಾಲಿಸಿದರು. ಕಣ್ಣು ಮುಚ್ಚಿ ಪಾಲಿಸಿದರು.

ಲಾರಿ ಎಡಕ್ಕೆ ಹೊರಳಿತು, ಬಿಳಿ ಕಲ್ಲೊಂದನ್ನು ಹಾರಿಸಿತು. ನಾನು ಅವರ ಮುಖ ನೋಡಿದೆ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದರು. ಮುಂದೆ ಆಲದ ಮರ. ಕೈಚಾಚಿ ಹ್ಯಾಂಡ್‌ಬ್ರೇಕ್ ಎಳೆದೆ. ಬಂಪರು ಮರಕ್ಕೆ ತಾಗಿ, ಮೇಲಿನಿಂದ ಒಣ ಎಲೆ ನಾಲ್ಕು ಉದುರಿ ನಿಂತೆವು. ಇಂಜಿನ್ ಬಂದಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಅವರು ಕಣ್ಣು ತೆರೆದು ನನ್ನತ್ತ ತಿರುಗಿ, “ನೀವು ಇದ್ದೀರೇನ್ರಿ?” ಎಂದು ಕೇಳಿದರು.

ಆ ಪ್ರಶ್ನೆಯ ಅರ್ಥ ಆಗಲಿಲ್ಲ. ಆದದ್ದು ಹಡಪಸರದ ನಾಕೆಯ ಹೋಟೆಲಿನಲ್ಲಿ. ಮಂಗಳೂರು ಕಡೆಯ ಹೋಟೆಲಿನವರು ಚಹಾ ತಂದಿಟ್ಟು, “ಮರಕ್ಕೆ ಗುದ್ದಿದ್ದು ನಿಮ್ಮದೇ ಲಾರಿಯಂತೆ ಮಾರಾಯ್ರೆ, ಸಕ್ಕರೆ ಜಾಸ್ತಿ ಹಾಕಿದ್ದೇನೆ,” ಎಂದು ಹೋದರು. ಹವಾಲ್ದಾರರು ಬಸಿಗೆ ಸುರಿದ ಚಹಾವನ್ನು ಕುಡಿಯದೆ ನೋಡುತ್ತ ಹೇಳಿದರು.

“ಮರಳಿನ್ಯಾಗ ಸ್ಯಾಪರ್ ಮಂದಿ ನೆಲದಾಗ ಹುಗದ ಸಿಡಿಯೋ ಮೈನು ತಗದು ದಾರಿ ಮಾಡತಿದ್ರು, ಬಾಯಾರ. ಎಲ್ಲಿತನಕ ತಗದಾರ ಅನ್ನಾಕ ಎರಡೂ ಬಾಜೂಕ ಬಿಳೇ ಪಟ್ಟಿ ಎಳೀತಿದ್ರು. ಪಟ್ಟಿ ಒಳಗ ಇದ್ರ ಜೀವ. ಆಚೆ ಗಾಲಿ ಇಟ್ರ ಇಲ್ಲ.”

“ಹೂಂ.”

“ಒಂದಿನ ಎದುರಿಗೆ ಆ್ಯಂಬ್ಯುಲೆನ್ಸ್ ಬಂತು. ಒಳಗ ಮಂದಿ ನರಳತಿದ್ರು. ನಾ ಸರದೆ. ಭಾಳ ಅಲ್ಲ, ಎರಡು ಗೇಣು.” ಎರಡು ಗೇಣನ್ನು ಮೇಜಿನ ಮೇಲೆ ಅಳೆದು ತೋರಿಸಿದರು. “ಎಡಗಡೆ ನಮ್ಮ ಸಾಥೀದಾರ ಕೂತಿದ್ದ. ನನಗ ಒಂದು ಗೆರಿ ಬೀಳಲಿಲ್ಲ.”

ಬಸಿಯನ್ನು ಪಕ್ಕಕ್ಕೆ ಸರಿಸಿ, “ಈಗ ಎಡಗಡೆ ನೀವು ಕೂಡತೀರಿ,” ಎಂದರು.

ಆಸ್ಪತ್ರೆಗೆ ಆ್ಯಂಬ್ಯುಲೆನ್ಸ್ ಓಡಿಸುವಾಗ ನನಗೆ ಎಲ್ಲರೂ ದಾರಿ ಬಿಡುತ್ತಿದ್ದರು. ಬಿಟ್ಟವರ ಗಾಲಿ ಎಲ್ಲಿಗೆ ಇಳಿಯಿತೆಂದು ನಾನು ತಿರುಗಿ ನೋಡಿದವಳಲ್ಲ. ನೋಡುವ ಅಗತ್ಯವೂ ಪುಣೆಯಲ್ಲಿ ಇರಲಿಲ್ಲ.

ಮೇಜರ್ ಸಾಹೇಬರು ಕೇಳಿ ನಿಜಕ್ಕೂ ಮರುಗಿದರು. “ಪೂರ್ ಚ್ಯಾಪ್,” ಎಂದರು. ಆಮೇಲೆ ಅನ್‌ಫಿಟ್ ಎಂದು ಬರೆದುಬಿಡು ಎಂದರು. ಮುಂದಿನ ವಾರ ಮೋಟಾರ್ ಸರ್ವಿಸಿನ ಮ್ಯಾನೇಜರರು ಟ್ರಯಲ್ ನೋಡಲಿಕ್ಕೆ ಬರುವವರಿದ್ದರು. ಅಷ್ಟರೊಳಗೆ ನನ್ನ ಅಭಿಪ್ರಾಯ ಕೊಡಬೇಕು. ಪಾಸು ಎಂದರೆ ಒಂದು ಬಸ್ಸಿನ ತುಂಬ ಜನ ಅವರ ಕೈಗೆ. ಫೇಲು ಎಂದರೆ ಪಡಸಾಲೆಯಲ್ಲಿ ಗಂಟುಮೂಟೆ ಬಿಚ್ಚದೆ ಕೂತಿರುವ ಹೆಂಡತಿ, ಮಗಳು. “ಸ್ಟೇರಿಂಗ್ ಬಿಟ್ರ ನನಗ ಬ್ಯಾರೆ ಏನೂ ಬರಾಂಗಿಲ್ರಿ,” ಎಂದು ಅವರೇ ಒಮ್ಮೆ ಅಂದಿದ್ದರು. ದೂರಿನ ದನಿಯಲ್ಲಲ್ಲ, ಗಾಡಿಯಲ್ಲಿ ಎಣ್ಣೆ ಇಲ್ಲ ಎನ್ನುವ ಹಾಗೆ.

ಒಂದು ವಾರ ಕೊಡಿ, ಸರ್, ಎಂದು ಕೇಳಿಕೊಂಡೆ.

ಮರುದಿನ ಮುಂಜಾನೆ ರಸ್ತೆಯ ಬದಿಗೆ ಲಾರಿ ನಿಲ್ಲಿಸಿ ಕೇಳಿದೆ. “ಹವಾಲ್ದಾರ್ರ, ಪಟ್ಟಿ ಆಚೆ ಹೋಗೋದ ಬಂದ್ರ ಸ್ಯಾಪರ್‌ನವರು ಏನು ಮಾಡತಿದ್ರು?”

“ಮೊದಲ ಒಬ್ಬಾವ ನಡೀತಿದ್ದ. ಅವನ ಹೆಜ್ಜಿ ಮ್ಯಾಲೆ ಗಾಡಿ.”

“ಹಂಗಾರ ನಾ ನಡೀತೀನಿ,” ಎಂದು ಇಳಿದೆ.

ಮೊದಲ ಬಿಳಿ ಕಲ್ಲು ದಾಟಿ ಮಣ್ಣಿಗೆ ಕಾಲಿಟ್ಟಿದ್ದೆನಷ್ಟೇ. ಹಿಂದಿನಿಂದ ಕೂಗು ಬಂತು: “ತಂಗೀ! ಅಲ್ಲೇ ನಿಲ್ಲು! ಕಾಲ ಎತ್ತಬ್ಯಾಡ!”

ನಿಂತೆ. ಆವರೆಗೆ ನನ್ನನ್ನು ಅವರು ಬಾಯಾರ ಬಿಟ್ಟು ಬೇರೆ ಕರೆದವರಲ್ಲ. ತಿರುಗಿ ನೋಡಿದರೆ ಕ್ಯಾಬಿನ್ನಿನಿಂದ ಅರ್ಧ ಹೊರಗೆ ಬಂದಿದ್ದರು, ಮುಖ ಸುಣ್ಣದ ಕಲ್ಲಿನ ಹಾಗೆ. ದೂರದಲ್ಲಿ ಒಬ್ಬ ಆಡು ಕಾಯುವವನು ನಮ್ಮನ್ನೇ ನೋಡುತ್ತ ಬೀಡಿ ಹಚ್ಚಿದ. ಅವನ ಆಡುಗಳು ಆ ಮಣ್ಣಿನ ಮೇಲೆಯೇ ಮೇಯುತ್ತಿದ್ದವು.

“ಆಡು ನೋಡ್ರಿ,” ಎಂದೆ ಮೆಲ್ಲಗೆ. ಆಮೇಲೆ ಕಾಲು ಎತ್ತಿದೆ. ಇನ್ನೊಂದು ಹೆಜ್ಜೆ ಇಟ್ಟೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ತಲೆಯ ಮೇಲೆ ಪುಸ್ತಕ ಇರಿಸಿ ನಮ್ಮನ್ನು ವರಾಂಡಾದ ಉದ್ದಕ್ಕೂ ನಡೆಸುತ್ತಿದ್ದರು. ಡಿಪೋರ್ಟ್‌ಮೆಂಟ್ ಅಂತ ಆ ಕ್ಲಾಸಿನ ಹೆಸರು. ಎಂಥ ಫೂಲಿಶ್‌ನೆಸ್ ಎಂದು ನಾವೆಲ್ಲ ನಗುತ್ತಿದ್ದೆವು. ಅವತ್ತು ಹಡಪಸರದಾಚೆಯ ಧೂಳಿನಲ್ಲಿ, ಖಾಕಿ ಸೀರೆಯ ನೆರಿಗೆ ಹಿಡಿದು, ಒಂದೂ ಹೆಜ್ಜೆ ಓರೆಯಾಗದಂತೆ ನಡೆದೆ. ಹಿಂದೆ ಇಂಜಿನ್ ಶುರುವಾದದ್ದು ಕೇಳಿಸಿತು. ಮೊದಲ ಗೇರ್. ಕಲ್ಲಿನ ಸಂದಿಯಲ್ಲಿ ಗಾಲಿ ಇಳಿದ ಸದ್ದು. ಹಿಂತಿರುಗಿ ನೋಡಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ನೋಡಿದೆ. ಎಡಗಾಲಿ ನನ್ನ ಚಪ್ಪಲಿಯ ಗುರುತುಗಳನ್ನು ಒಂದೊಂದಾಗಿ ಒರೆಸುತ್ತ ಬರುತ್ತಿತ್ತು. ಅವರ ಕಣ್ಣು ತೆರೆದಿತ್ತು.

ಆದರೆ ಎಷ್ಟು ದಿನ ಅಂತ ಬಸ್ಸಿನ ಮುಂದೆ ನಾನು ನಡೆಯಲಿ? ಮೂರನೆಯ ಮುಂಜಾನೆ ನಡೆಯುವಾಗ ನನ್ನ ಕಣ್ಣು ಕಾಲ ಬುಡಕ್ಕೇ ಇತ್ತು. ಮಣ್ಣಿನಲ್ಲಿ ಬಂಡಿಗಳು ಹೋದ ಜಾಡು. ಕಬ್ಬು ಇಳಿಸಿ ಖಾಲಿ ಬರುವ ಬಂಡಿಗಳೆಲ್ಲ ಹೇರಿದವರಿಗೆ ಡಾಂಬರು ಬಿಟ್ಟು ಮಣ್ಣಿನಲ್ಲೇ ಹೋಗುತ್ತಿದ್ದವು. ಕಬ್ಬಿಣದ ಪಟ್ಟಿಯ ಗಾಲಿ ಕೊರೆದ ಜಾಡು ರಸ್ತೆಯುದ್ದಕ್ಕೂ ಇತ್ತು. ಹವಾಲ್ದಾರರನ್ನು ಇಳಿಸಿ ತೋರಿಸಿದೆ.

“ನಿಮ್ಮ ಮುಂದ ಎಷ್ಟ ಮಂದಿ ನಡದಾರ ನೋಡ್ರಿ.”

ಅವರು ಕುಕ್ಕರಗಾಲಿನಲ್ಲಿ ಕೂತು ಜಾಡಿನೊಳಗೆ ಬೆರಳಾಡಿಸಿದರು. “ಇವತ್ತಿಂದು,” ಎಂದರು. ಸೆಗಣಿ ಇನ್ನೂ ಹಸಿ ಇತ್ತು.

ಅಲ್ಲಿಂದ ನಮ್ಮ ಪಾಠ ಬದಲಾಯಿತು. ಬಿಳಿ ಕಲ್ಲನ್ನು ನೋಡಬೇಡಿ ಎಂದು ನಾನು ಹೇಳುವುದನ್ನು ಬಿಟ್ಟೆ. ಜಾಡು ನೋಡಿ ಎಂದೆ. ಎಡಗಡೆಯ ಸೀಟಿನಲ್ಲಿ ಮೊದಲು ಮರಳಿನ ಚೀಲ ಕೂರಿಸಿದೆವು, ಆಮೇಲೆ ನಾನು ಕೂತೆ. ಜಾಡಿಗೆ ಇಳಿಯುವ ಮೊದಲು ಅವರು ಒಂದು ಸಲ ನನ್ನ ಕಾಲಿನ ಕಡೆ ನೋಡುತ್ತಿದ್ದರು, ಅಷ್ಟೇ. ಬಂಡಿಗಳಿಗೆ ದಾರಿ ಬಿಟ್ಟೆವು, ಲಾರಿಗೆ ಬಿಟ್ಟೆವು. ಮೊದಲ ದಿನ ಬೈದಿದ್ದ ಬಂಡಿಯವನು ಹಾದುಹೋಗುವಾಗ, “ರಸ್ತಾ ಆಮ್ಚ್ಯಾ ಬಾಪಾಚಾ!” ರಸ್ತೆ ನಮ್ಮಪ್ಪನದು, ಎಂದು ನಕ್ಕು ಕಬ್ಬಿನ ತುಂಡೊಂದು ಎಸೆದ.

ಟ್ರಯಲ್ಲಿನ ಹಿಂದಿನ ಸಂಜೆ ಅಡ್ಡಮಳೆ ಹೊಡೆಯಿತು.

ಬೆಳಗ್ಗೆ ಮ್ಯಾನೇಜರರು ಕರಿ ಟೋಪಿ, ಕೊಡೆ ಸಮೇತ ಬಂದು ಎಡಗಡೆಯ ಸೀಟಿನಲ್ಲೇ ಕೂತರು. ನಾನು ಹಿಂದೆ ನಿಂತು ಕ್ಯಾಬಿನ್ನಿನ ಕಿಂಡಿಯಿಂದ ನೋಡುತ್ತಿದ್ದೆ. ಹಡಪಸರ ದಾಟಿದ ಕೂಡಲೇ ರಸ್ತೆಯ ಬದಿಗೆ ಬಗ್ಗಿ ನೋಡಿದೆ. ಮಳೆ ಎಲ್ಲ ತೊಳೆದುಹಾಕಿತ್ತು. ಒಂದು ಜಾಡಿಲ್ಲ, ಒಂದು ಹೆಜ್ಜೆಯಿಲ್ಲ. ಬಿಳಿ ಕಲ್ಲುಗಳು ಮಾತ್ರ ಹೊಸದಾಗಿ ಬಳಿದಷ್ಟು ಬೆಳ್ಳಗೆ.

ಎದುರಿಗೆ ಬಸ್ಸು ಬಂತು.

ಹವಾಲ್ದಾರರು ಲಾರಿ ನಿಲ್ಲಿಸಿದರು. ಕೈ ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸಿ, ನಿಲ್ಲಲು ಎದುರಿನವನಿಗೆ ಸನ್ನೆ ಮಾಡಿದರು. ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರು. ಒಂದು ಗಳಿಗೆ ಕಲ್ಲಿನ ಈಚೆಗೆ ನಿಂತರು. ಅವರ ಹೆಗಲು ಏರಿ ಇಳಿದದ್ದು ನನಗೆ ಕಂಡಿತು. ಆಮೇಲೆ ಕಲ್ಲು ದಾಟಿ, ಲಾರಿಯ ಉದ್ದದಷ್ಟು, ಅದರ ಎರಡರಷ್ಟು, ಒಬ್ಬರೇ ನಡೆದರು. ಬೂಟಿನ ಗುರುತು ಹಸಿ ಮಣ್ಣಿನಲ್ಲಿ ಅಚ್ಚು ಒತ್ತಿದ ಹಾಗೆ ಬಿತ್ತು. ಬಂದು ಹತ್ತಿ, ಎಡಗಾಲಿಯನ್ನು ಅದೇ ಗುರುತಿನ ಮೇಲೆ ಇಳಿಸಿದರು. ಎದುರಿನ ಬಸ್ಸು ನಿಧಾನವಾಗಿ ಹಾದುಹೋಯಿತು. ಅದರ ಡ್ರೈವರನ ಬಾಯಿ ತೆರೆದೇ ಇತ್ತು.

ಮ್ಯಾನೇಜರರು ಕಿಂಡಿಯ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: “ಏನಿದು, ಬಾಯಿಯವರೇ? ಪ್ರತಿ ಗಾಡಿಗೂ ಇಳಿದು ಪ್ರದಕ್ಷಿಣೆ ಹಾಕುತ್ತಾನೋ? ನನ್ನ ಪ್ಯಾಸೆಂಜರುಗಳು ಬಾರಾಮತಿಗೆ ಹೋಗುವವರು, ಪಂಢರಪುರಕ್ಕೆ ನಡೆದು ಹೋಗುವ ವಾರಿಯವರಲ್ಲ.”

ಹವಾಲ್ದಾರರು ಮುಂದೆ ನೋಡುತ್ತ ಕೂತಿದ್ದರು. ಅವರಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು.

ಪಾಸು ಎನ್ನುವ ಶಬ್ದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಆಗ ಮಾಡಿದ್ದು ಏನೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತು. ಆದರೆ ಮುಂದೆ ಮಳೆಗಾಲವಿತ್ತು. ದಿನಾ ಜಾಡು ತೊಳೆದುಹೋಗುವ ನಾಲ್ಕು ತಿಂಗಳು. ಬಸ್ಸಿನಲ್ಲಿ ಕೂತವರಿಗೆ ಈ ಕಥೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

“ಬಸ್ಸು ಈಗಲೇ ಕೊಡಬೇಡಿ,” ಎಂದೆ. “ಮಾಲಿನ ಲಾರಿ ಕೊಡಿ, ಅದೇ ರಸ್ತೆ. ತಡವಾದರೆ ಬೆಲ್ಲದ ಪೆಂಟೆ ಬೈಯುವುದಿಲ್ಲ. ದೀಪಾವಳಿ ಆದ ಮೇಲೆ ನಾನೇ ಬಂದು ಇವರ ಬಸ್ಸಿನಲ್ಲಿ ಕೂತು ನೋಡಿ ಹೇಳುತ್ತೇನೆ. ಖೋಲಿ ಮಾತ್ರ ಈಗಲೇ ಕೊಡಿ.”

“ಕೆಲಸ ಅರ್ಧ, ಖೋಲಿ ಪೂರ್ತಿಯೋ?”

“ಆ ರಿವರ್ಸ್ ನೀವು ನೋಡಿಲ್ಲ,” ಎಂದೆ. “ನೋಡಿದರೆ ಎರಡು ಖೋಲಿ ಕೊಡುತ್ತೀರಿ.”

ಮ್ಯಾನೇಜರರು ಕೊಡೆಯ ಹಿಡಿಕೆಯಿಂದ ಗದ್ದ ಕೆರೆದುಕೊಂಡರು. ರಸ್ತೆಬದಿಯ ಬೂಟಿನ ಗುರುತನ್ನೊಮ್ಮೆ ನೋಡಿದರು. “ಬರಂ,” ಸರಿ, ಎಂದರು.

ಸೆಂಟರಿಗೆ ಮರಳಿದ ಮೇಲೆ ಹವಾಲ್ದಾರರು ಲಾರಿಯ ಬಾಗಿಲು ಹಾಕಿ ನನ್ನ ಮುಂದೆ ನಿಂತರು. “ಪಾಸೂ ಮಾಡಲಿಲ್ಲ, ಫೇಲೂ ಮಾಡಲಿಲ್ಲ ನೀವು.”

“ಹೌದ್ರಿ.”

ಸಿಟ್ಟು ಬಂದಿತ್ತು ಅವರಿಗೆ. ಸೆಲ್ಯೂಟ್ ಹೊಡೆದು ಹೋದರು. ಹೊರಡುವಾಗ ಬಾಯಾರ ಎಂದರೇ ಹೊರತು ಇನ್ನೇನೂ ಅನ್ನಲಿಲ್ಲ.

ದೀಪಾವಳಿ ಕಳೆದ ಮೇಲೆ ಮಾತಿನಂತೆ ಹೋದೆ. ಅವ್ವ ಡಬ್ಬಿಯಲ್ಲಿ ಕರ್ಚೀಕಾಯಿ ಕಟ್ಟಿಕೊಟ್ಟು, “ನಿನ್ನ ಶಿಷ್ಯಗ ಕೊಡು, ನೆಟ್ಟಗ ಹೊಡಿ ಅನ್ನು,” ಎಂದಳು. ಮಳೆಗಾಲವೆಲ್ಲ ಅದೇ ರಸ್ತೆಯಲ್ಲಿ ಮಾಲಿನ ಲಾರಿ ಓಡಿಸಿದ್ದ ಹವಾಲ್ದಾರರು ಬಸ್ಸಿನ ಬಾಗಿಲ ಬಳಿ ನಿಂತಿದ್ದರು. ಮೈ ತುಂಬಿಕೊಂಡಿದ್ದರು. ಮುಂದಿನ ಸಾಲಿನ ಎಡಗಡೆಯ ಸೀಟಿನ ಮೇಲೆ ಟವಲು ಹಾಸಿ ಜಾಗ ಹಿಡಿದಿಟ್ಟಿದ್ದರು.

“ಇಲ್ಲೇ ಕೂಡ್ರಿ,” ಎಂದರು.

ಕೂತೆ. ನನ್ನ ಹಿಂದೆ ಕೋಳಿಬುಟ್ಟಿ ಹಿಡಿದ ಮುದುಕ, ಮದುವೆಗೆ ಹೊರಟ ಮಂದಿ, ಅಳುವ ಕೂಸು. ಬಸ್ಸು ಹಡಪಸರ ದಾಟಿತು. ಹಿಂದಿನ ರಾತ್ರಿ ಗಾಳಿ ಬೀಸಿ ಧೂಳಿನಲ್ಲಿ ಜಾಡೆಲ್ಲ ಮುಚ್ಚಿಹೋಗಿತ್ತು. ಸುಣ್ಣ ಬಳಿದ ಕಲ್ಲುಗಳು ಇದ್ದಲ್ಲೇ ಇದ್ದವು. ಆ ಹಂಗಾಮಿನ ಮೊದಲ ಕಬ್ಬಿನ ಬಂಡಿ ಎದುರಿಗೆ ಬಂತು.

ಅವರು ನಿಲ್ಲಿಸಲಿಲ್ಲ. ಎರಡು ಸಲ ಕ್ಲಚ್ ತುಳಿದು ಕೆಳಗಿನ ಗೇರಿಗೆ ಬಂದರು, ಹಾರ್ನ್ ಒತ್ತಿದರು, ಎಡಕ್ಕೆ ತೆಗೆದುಕೊಂಡರು. ಗಾಲಿ ಕಲ್ಲಿನ ಸಂದಿಯಿಂದ ಮಣ್ಣಿಗೆ ಇಳಿಯಿತು. ಬಂಡಿ ಹಾದುಹೋಯಿತು. ಬಸ್ಸು ಮತ್ತೆ ಡಾಂಬರಿಗೆ ಏರಿತು. ಬಸ್ಸಿನಲ್ಲಿ ಯಾರಿಗೂ ಏನೂ ಆದದ್ದು ಗೊತ್ತಾಗಲಿಲ್ಲ. ಕೂಸು ಅಳುತ್ತಲೇ ಇತ್ತು.

ಸ್ವಲ್ಪ ದೂರ ಹೋದ ಮೇಲೆ ಹವಾಲ್ದಾರರು ರಸ್ತೆಯಿಂದ ಕಣ್ಣು ತೆಗೆಯದೆ ಅಂದರು: “ತಂಗೀ, ಈಗರೆ ಕಾಲ ಕೆಳಗ ಇಡವಾ.”

ಆಗ ನೋಡಿಕೊಂಡೆ. ನನ್ನ ಎರಡೂ ಕಾಲು ನೆಲದಿಂದ ಮೇಲೆ, ಸೀರೆ ಸಮೇತ, ಗಾಳಿಯಲ್ಲಿದ್ದವು.

ಪಾಸು ಎಂದು ಬರೆದುಕೊಟ್ಟೆ. ಈಗ ಮೊಮ್ಮಗಳು ಕಾರು ಓಡಿಸುತ್ತಾಳೆ. ಯಾರಿಗಾದರೂ ದಾರಿ ಬಿಡಲು ಎಡಗಾಲಿ ಮಣ್ಣಿಗಿಳಿದರೆ ನನ್ನ ಕಾಲು ಇವತ್ತಿಗೂ ತಾನಾಗಿ ಏಳುತ್ತದೆ. “ವಾಟ್ ಈಸ್ ದಿಸ್, ಅಜ್ಜಿ?” ಎಂದು ನಗುತ್ತಾಳೆ. ಏನಿಲ್ಲವಾ, ಎನ್ನುತ್ತೇನೆ. ಡಾಂಬರು ಮತ್ತೆ ಸಿಗುವವರೆಗೆ ಕೆಳಗಿಡುವುದಿಲ್ಲ.